ನೋಟಿಸ್ ಬಂದ ಮನೆ, ಬರೆ ಪಕ್ಕದ ಮನೆ

ಕೊಡಗಿನ ಕೇಳುಗರೇ, ನಮಸ್ಕಾರ. ಮನೆಗೆ ಬರುವ ನೋಟಿಸ್, ಮನೆ ಪಕ್ಕದ ಬರೆ ಅಂದರೆ ಕಡಿದ ಗುಡ್ಡದ ಅಂಚು, ಈ ಎರಡರ ಬಗ್ಗೆ ಈ ದಿನದ ಮಾತು.

ಮನೆ ಕಟ್ಟಿ ಮುಗಿದಿರುತ್ತದೆ. ಗೃಹಪ್ರವೇಶವೂ ಆಗಿರುತ್ತದೆ. ಒಂದು ದಿನ ನಗರಸಭೆಯಿಂದಲೋ ಪಂಚಾಯಿತಿಯಿಂದಲೋ ಒಂದು ನೋಟಿಸ್ ಬರುತ್ತದೆ. ಪರವಾನಗಿ ಮೀರಿ ಕಟ್ಟಿದ್ದೀರಿ, ಕಾರಣ ತಿಳಿಸಿ ಅಂತ. ಆಗ ಕೆಲವರು ಗಾಬರಿಬಿದ್ದು ಮಧ್ಯವರ್ತಿಗಳ ಹತ್ತಿರ ಓಡುತ್ತಾರೆ. ಇನ್ನು ಕೆಲವರು ಆ ಕಾಗದವನ್ನು ಮಡಚಿ ಬೀರುವಿಗೆ ಹಾಕಿ ಸುಮ್ನಿದ್ದುಬಿಡುತ್ತಾರೆ. ಈ ಸುಮ್ಮನಿರುವುದೇ ಹೆಚ್ಚು ಅಪಾಯ. ನೋಟಿಸಿಗೆ ಉತ್ತರ ಹೋಗದಿದ್ದರೆ ಹೇಳುವುದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ ಅಂತಲೇ ಕಚೇರಿಯವರು ಮುಂದಿನ ಹೆಜ್ಜೆ ಇಡುತ್ತಾರೆ.

ಪಟ್ಟಣದೊಳಗಿನ ಮನೆಗಳಿಗೆ 1964ರ ಪುರಸಭೆಗಳ ಕಾಯ್ದೆ, ಅದರ 187ನೇ ಕಲಂ. ಗ್ರಾಮ ಪಂಚಾಯಿತಿಯ ಮನೆಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ. ಕಟ್ಟುವ ಮೊದಲು ಪರವಾನಗಿ ತಗೊಳ್ಳಬೇಕು ಅಂತ ಎರಡೂ ಹೇಳುತ್ತವೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು. ಮನೆ ಒಡೆಯುವ ಮೊದಲು ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಯಬೇಕು, ಮನೆಯವರ ಮಾತು ಕೇಳಬೇಕು, ಆದೇಶ ಆದ ಮೇಲೂ 15 ದಿನ ಬಿಡಬೇಕು. ಆದರೆ ರಸ್ತೆ, ಫುಟ್‌ಪಾತ್, ನದಿಪಾತ್ರದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಕುಶಾಲನಗರದಲ್ಲಿ, ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ದಡದಲ್ಲಿ ಇರುವವರು ಇದನ್ನು ಗಮನಿಸಿ.

ಮೊದಲು ನೋಟಿಸನ್ನು ಪೂರ್ತಿ ಓದಿ. ಯಾವ ಕಲಂ, ಯಾವ ತಪ್ಪು, ಎಷ್ಟು ದಿನದೊಳಗೆ ಉತ್ತರ, ಈ ಮೂರನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಮಂಜೂರಾದ ಪ್ಲಾನ್ ಹುಡುಕಿ. ಎಷ್ಟೋ ಮನೆಯಲ್ಲಿ ಪ್ಲಾನ್ ಇರುವುದೇ ಇಲ್ಲ, ಗುತ್ತಿಗೆದಾರರ ಹತ್ತಿರ ಉಳಿದಿರುತ್ತದೆ. ಆಗ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಕಚೇರಿಯಿಂದಲೇ ಪ್ರತಿ ಸಿಗುತ್ತದೆ. ಅದಕ್ಕೆ 30 ದಿನದವರೆಗೂ ಹಿಡಿಯಬಹುದು. ಹಾಗಾಗಿ ನೋಟಿಸಿನ ಗಡುವಿನೊಳಗೆ ಒಂದು ಚಿಕ್ಕ ಉತ್ತರ ಬರೆದು, ದಾಖಲೆ ತರಿಸುತ್ತಿದ್ದೇನೆ, ಸಮಯ ಕೊಡಿ ಅಂತ ಕೇಳಿ. ಕೊಟ್ಟ ಉತ್ತರಕ್ಕೆ ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ಇನ್ನು ಟೇಪ್ ಹಿಡಿದು ಹೊರಗೆ ಬನ್ನಿ. ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ, ಅಳೆಯುವುದು ನಿಮ್ಮ ಗಡಿಯಿಂದ. ಕಾಂಪೌಂಡ್ ಗೋಡೆಯಿಂದಲೋ ಬೇಲಿಯಿಂದಲೋ ಅಳೆದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಬೇಲಿ ಒಂದು ಕಡೆ, ಸರ್ವೆ ಕಲ್ಲು ಇನ್ನೊಂದು ಕಡೆ ಇರುವುದು ಮಾಮೂಲು, ಅಲ್ವಾ? ಕಲ್ಲು ಸಿಗದಿದ್ದರೆ ಸರ್ವೆ ಮಾಡಿಸಿ. ಆಮೇಲೆ ನೋಂದಾಯಿತ ಇಂಜಿನಿಯರ್ ಒಬ್ಬರಿಂದ ಈಗ ಮನೆ ಹೇಗಿದೆಯೋ ಹಾಗೇ ನಕ್ಷೆ ಬರೆಸಿ, ಹಳೆಯ ಪ್ಲಾನಿನ ಪಕ್ಕದಲ್ಲಿಟ್ಟು ನೋಡಿ.

ಹೀಗೆ ನೋಡಿದಾಗ ಕೊಡಗಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಶೀಟು. ಮಳೆಯ ಎರಚಲು ತಡೆಯಲಿ ಅಂತ ಮುಂದಕ್ಕೆ ಒಂದು ಶೀಟು ಇಳಿಸುತ್ತಾರೆ. ಮರುವರ್ಷ ಅದರ ಕೆಳಗೆ ಸೌದೆ ಬರುತ್ತದೆ. ಇನ್ನೊಂದು ವರ್ಷಕ್ಕೆ ಅರ್ಧ ಗೋಡೆ, ಆಮೇಲೆ ಕಿಟಕಿ. ಸೆಟ್‌ಬ್ಯಾಕ್ ಪೂರ್ತಿ ಮನೆಯೊಳಗೆ ಸೇರಿಹೋಗುತ್ತದೆ. ಶೀಟಿನ ನೀರು ಪಕ್ಕದವರ ಅಂಗಳಕ್ಕೆ ಬೀಳುತ್ತದೆ, ಅವರು ದೂರು ಕೊಡುತ್ತಾರೆ. ಬಹಳ ನೋಟಿಸುಗಳ ಹಿಂದೆ ಇಂಥ ನೀರಿನ ಜಗಳ ಇರುತ್ತದೆ. ಶೀಟಿನ ಅಂಚಿಗೆ ನೀರು ಹರಿಯುವ ಒಂದು ದೋಣಿ ಕೂರಿಸಿ ನೀರನ್ನು ನಿಮ್ಮ ಚರಂಡಿಗೆ ತಿರುಗಿಸಿ, ಅರ್ಧ ಗೋಡೆ ತೆಗೆದುಬಿಡಿ. ಪಕ್ಕದವರನ್ನು ಕರೆದು ತೋರಿಸಿ. ಮುಂಚೆ ಹೇಗಿತ್ತು, ಈಗ ಹೇಗಿದೆ ಅಂತ ಫೋಟೋ ತೆಗೆದು ಉತ್ತರದ ಜೊತೆ ಲಗತ್ತಿಸಿ. ತಿದ್ದಿಕೊಂಡಿದ್ದೇನೆ ಅನ್ನುವ ಕಾಗದಕ್ಕೆ ಕಚೇರಿಯಲ್ಲಿ ಬೆಲೆ ಇದೆ. ಉಳಿದದ್ದರಲ್ಲಿ ನಿಯಮದ ಮಿತಿಯೊಳಗೆ ಬರುವುದಕ್ಕೆ ಪರಿಷ್ಕೃತ ಪ್ಲಾನ್ ಸಲ್ಲಿಸಿ, ಶುಲ್ಕ ದಂಡ ಕಟ್ಟಿ ಮುಗಿಸಿಕೊಳ್ಳಿ.

ಅಕ್ರಮ ಸಕ್ರಮ ಬರುತ್ತದೆ, ಆಗ ನೋಡೋಣ ಅಂತ ಕೂರಬೇಡಿ. ಕಟ್ಟಡಗಳ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮನೆ ಕಂದಾಯ ಕಟ್ಟುತ್ತಿದ್ದೇನೆ, ಖಾತೆ ಇದೆ, ಹಾಗಾಗಿ ಎಲ್ಲ ಸರಿ ಅನ್ನುವ ನಂಬಿಕೆಯೂ ಬೇಡ. ಕಂದಾಯದ ರಸೀದಿ ಕಟ್ಟಡದ ಪರವಾನಗಿ ಆಗುವುದಿಲ್ಲ. ಈಗಂತೂ ಒ.ಸಿ., ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಬ್ಯಾಂಕ್ ಸಾಲ ಕೊಡಬಾರದು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾಗದ ಸರಿಮಾಡಿಕೊಳ್ಳುವುದು ಇನ್ನಷ್ಟು ತುರ್ತಾಗಿದೆ.

ಜಮ್ಮಾ ಜಾಗದಲ್ಲಿ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ, ಕಟ್ಟಿದವರ ಕಷ್ಟ ಬೇರೆ. ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ಜೊತೆಗೆ ಕುಟುಂಬದ ಎಷ್ಟೋ ಜನರ ಹೆಸರು. ಮನೆ ಕಟ್ಟಿದವರ ಪಾಲು ಎಲ್ಲಿಂದ ಎಲ್ಲಿಗೆ ಅಂತ ಕಾಗದದಲ್ಲಿ ಕಾಣುವುದಿಲ್ಲ. ಅದನ್ನು ಕಚೇರಿಯಲ್ಲಿ ಬಿಡಿಸುವ ಮೊದಲು ಕುಟುಂಬದಲ್ಲಿ ಬಿಡಿಸಬೇಕು. ಪುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಎಲ್ಲರೂ ಸೇರುತ್ತಾರಲ್ಲ, ಆಗ ಹಿರಿಯರ ಎದುರೇ ಮಾತಾಡಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ. ತೋಟದ ಜಾಗ, ಗದ್ದೆ ಜಾಗ ಆದರೆ ಭೂಪರಿವರ್ತನೆ ಆಗಿದೆಯಾ ಅಂತಲೂ ನೋಡಿ.

ಇಷ್ಟೂ ಕಾಗದದ ಮಾತಾಯಿತು. ನಾನು ಈ ದಿನ ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಬರೆಯ ವಿಷಯ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಇಳಿಯಿತು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ, ಮಳೆಯ ಜೊತೆಗೆ ನಾವು ಮನೆಗೆ, ರಸ್ತೆಗೆ ಅಂತ ಗುಡ್ಡದ ಇಳಿಜಾರನ್ನು ಕಡಿದದ್ದೂ ಕಾರಣ ಅಂದರು. ಮನೆಗೆ ಸಮತಟ್ಟು ಜಾಗ ಬೇಕು ಅಂತ ಜೆಸಿಬಿ ತರಿಸಿ ಹಿಂದಿನ ಗುಡ್ಡವನ್ನು ನೆಟ್ಟಗೆ ಕಡಿಯುತ್ತೇವೆ. ಆ ಮಣ್ಣನ್ನೇ ಮುಂದೆ ತಳ್ಳಿ ಅಂಗಳ ಮಾಡುತ್ತೇವೆ. ಹಿಂದಿನ ಗುಡ್ಡಕ್ಕೆ ಬುಡ ಹೋಯಿತು, ಮುಂದಿನ ಸಡಿಲ ಮಣ್ಣಿನ ಮೇಲೆ ಭಾರ ಬಿತ್ತು. ಪ್ಲಾನಿನಲ್ಲಿ ಇದು ಯಾವುದೂ ಕಾಣದೇ ಇರಬಹುದು. ನೋಟಿಸ್ ಬರದೇ ಇರಬಹುದು. ನನ್ನ ಮಟ್ಟಿಗೆ ಸೆಟ್‌ಬ್ಯಾಕಿನಲ್ಲಿ ಎರಡಡಿ ಹೆಚ್ಚುಕಮ್ಮಿ ಆದದ್ದಕ್ಕಿಂತ ಇದು ಎಷ್ಟೋ ದೊಡ್ಡ ಉಲ್ಲಂಘನೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಇದಕ್ಕೆ ಖರ್ಚು ಮಾಡಿ.

ಒಂದು ಜೋರು ಮಳೆ ಬಂದು ನಿಂತ ಮೇಲೆ ಮನೆಯ ಹಿಂದೆ ಹೋಗಿ ತಡೆಗೋಡೆಯನ್ನು ನೋಡಿ. ಗೋಡೆಯಲ್ಲಿ ನೀರು ಬಸಿಯುವುದಕ್ಕೆ ಪೈಪು ಇಟ್ಟಿರುತ್ತಾರೆ. ಅದರಿಂದ ತಿಳಿನೀರು ಬರುತ್ತಿದ್ದರೆ ಒಳ್ಳೆಯದು. ಗುಡ್ಡ ನೆನೆದಿದ್ದರೂ ಒಂದು ಹನಿ ಬರುತ್ತಿಲ್ಲ ಅಂದರೆ ಪೈಪಿಗೆ ಮಣ್ಣೋ ಸಿಮೆಂಟೋ ಕಟ್ಟಿದೆ, ಗೋಡೆಯ ಹಿಂದೆ ನೀರು ತುಂಬುತ್ತಿದೆ ಅಂತ ಅನುಮಾನ ಪಡಿ. ಕೆಂಪು ನೀರು ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ. ಗೋಡೆ ಹೊಟ್ಟೆ ಬಿಟ್ಟಿದೆಯಾ ನೋಡಿ. ಬರೆಯ ಮೇಲೆ ಹತ್ತಿ ನೆಲದಲ್ಲಿ ಬಿರುಕು ಇದೆಯಾ, ಮರ ಓರೆಯಾಗಿದೆಯಾ ನೋಡಿ. ಮಳೆ ನಿಂತಿರುವಾಗ ಮಾತ್ರ ಹತ್ತಿ. ಮೇಲಿನ ನೀರು ಬರೆಗೆ ಇಳಿಯದ ಹಾಗೆ ಮೇಲ್ಗಡೆಯೇ ಅಡ್ಡ ಚರಂಡಿ ತೆಗೆಸಿ. ಅದಕ್ಕೆ ತಡೆಗೋಡೆಯಷ್ಟು ದುಡ್ಡು ಬೇಕಾಗುವುದಿಲ್ಲ, ಪ್ರಯೋಜನ ಮಾತ್ರ ಜಾಸ್ತಿ. ಬಿರುಕು ಕಂಡರೆ ಫೋಟೋ ತೆಗೆದು ಪಂಚಾಯಿತಿಗೆ, ತಹಶೀಲ್ದಾರರಿಗೆ ಅರ್ಜಿ ಕೊಡಿ. ನನ್ನ ಮನೆ ಪರವಾನಗಿ ಇಲ್ಲದ್ದು, ಅರ್ಜಿ ಕೊಟ್ಟರೆ ನನಗೇ ತೊಂದರೆ ಅಂತ ಹೆದರಿ ಕೂರಬೇಡಿ. ಆ ರಾತ್ರಿ ಮಳೆ ಜೋರಾದರೆ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ ಹೋಗಿಬಿಡಿ. ಪ್ಲಾನ್, ಖಾತೆ, ನೋಟಿಸ್, ಕೊಟ್ಟ ಉತ್ತರ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೆ ತಗೊಳ್ಳಿ.

ನಮಸ್ಕಾರ.