57 ಸುರಂಗ, ಆರು ಡಿಸ್ಕ್: ಪಿಎಸ್‌ಪಿಯಲ್ಲಿ ಆಡಲೇಬೇಕಾದ ಆಟಗಳು

ಕ್ಯಾಮೆರಾ ಹಿಡಿದಿರುವುದು ಪಿಎಸ್‌ಪಿಯ, ಅಂದರೆ ಸೋನಿಯ ಅಂಗೈ ಆಟಯಂತ್ರ ಪ್ಲೇಸ್ಟೇಷನ್ ಪೋರ್ಟಬಲ್‌ನ, ಪರದೆಯ ಮೇಲೇ. ಆದರೆ ಅದರಲ್ಲಿ ನಿಮಗೆ ಕಾಣುತ್ತಿರುವುದು ಹೊರಗೆ ಓಡುತ್ತಿರುವ ತೆಂಗಿನ ಮರಗಳು. ಬಿಸಿಲು ಆಟವನ್ನು ನುಂಗಿಹಾಕಿದೆ. ಯಶವಂತಪುರ ಬಿಟ್ಟಾಗಿನಿಂದ ಇದೇ ಗೋಳು. ಸಕಲೇಶಪುರ ದಾಟಲಿ, ಆಮೇಲೆ ನೋಡಿ. ಅಲ್ಲಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ 57 ಸುರಂಗಗಳಿವೆ. ಈ ಪರದೆಗೆ ಕತ್ತಲೆ ಎಂದರೆ ತವರುಮನೆ. ಅದಕ್ಕೆಂದೇ ರಾತ್ರಿ ಬಸ್ಸು ಬಿಟ್ಟು ಹಗಲಿನ ರೈಲು ಹಿಡಿದಿದ್ದೇನೆ.

ಸೆಕೆಂಡ್ ಹ್ಯಾಂಡ್ ಪಿಎಸ್‌ಪಿ ಕೊಂಡವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಏನು ಆಡಲಿ ಎಂದು ಕೇಳುತ್ತಲೇ ಇದ್ದೀರಿ. ಮಡಿಲಲ್ಲಿರುವ ಈ ಡಬ್ಬಿಯಲ್ಲಿ ಆರು ಡಿಸ್ಕ್ ಹಿಡಿಯುತ್ತವೆ. ನಿನ್ನೆ ರಾತ್ರಿ ಯಾವುದನ್ನು ಇಡಲಿ, ಯಾವುದನ್ನು ಬಿಡಲಿ ಎಂದು ಒಂದು ಗಂಟೆ ಕುಳಿತು ಆರಿಸಿದ್ದೇನೆ. ಆ ಆರು ನನ್ನ ಉತ್ತರ. ಬಿಟ್ಟು ಬಂದವುಗಳ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಅವುಗಳಲ್ಲಿ ಕೆಲವಕ್ಕೆ ಸಿಕ್ಕಿರುವ ಹೆಸರು ಹೆಚ್ಚಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೋನಿ ಇದನ್ನು ಜಪಾನಿನಲ್ಲಿ ಮಾರುಕಟ್ಟೆಗೆ ತಂದದ್ದು 2004ರ ಡಿಸೆಂಬರ್ 12ರಂದು. ನನ್ನದು 2008ರಲ್ಲಿ ಬಂದ 3000 ಮಾದರಿ. ಪರದೆ 4.3 ಇಂಚು. ಇವತ್ತಿನ ಮೊಬೈಲ್ ನೋಡಿ ಪಳಗಿದ ಕಣ್ಣಿಗೆ ಚಿಕ್ಕದು. ಆದರೆ ಆಗ ಅಂಗೈಯಲ್ಲಿ ಇಷ್ಟು ದೊಡ್ಡ ಚಿತ್ರ ಕಂಡವರೇ ಕಡಿಮೆ.

ಈಗ ಯಂತ್ರದೊಳಗೆ ತಿರುಗುತ್ತಿರುವುದು ಲುಮಿನೆಸ್. ಗುಂಯ್ ಎನ್ನುವ ಸದ್ದು ಕೇಳಿಸಿತೇ? ಡಿಸ್ಕ್ ಓದುವ ಸದ್ದು ಅದು. ಪಿಎಸ್‌ಪಿ ಜಪಾನಿಗೆ ಬಂದ ದಿನವೇ ಬಂದ ಆಟ. ಮಾಡಿದವರು ಟೆಟ್ಸುಯಾ ಮಿಜುಗುಚಿಯವರ ತಂಡ. ನಾಲ್ಕು ಚೌಕಗಳ ಒಂದೊಂದು ತುಂಡು ಮೇಲಿನಿಂದ ಬೀಳುತ್ತದೆ. ಬಣ್ಣ ಎರಡೇ. ಒಂದೇ ಬಣ್ಣದ ನಾಲ್ಕು ಚೌಕಗಳು ಸೇರಿದರೆ ಅಳಿಯುತ್ತವೆ. ಆದರೆ ಸೇರಿದ ಕೂಡಲೇ ಅಳಿಯುವುದಿಲ್ಲ, ಇದೇ ಇದರ ಜೀವ. ಸಂಗೀತದ ಲಯಕ್ಕೆ ತಕ್ಕಂತೆ ಎಡದಿಂದ ಬಲಕ್ಕೆ ಒಂದು ಗೆರೆ ಹಾಯುತ್ತದೆ, ಅದು ದಾಟಿದಾಗ ಮಾತ್ರ ಅಳಿಯುತ್ತವೆ. ಹಾಡು ನಿಧಾನವಾದರೆ ಗೆರೆಯೂ ನಿಧಾನ, ಚೌಕಗಳು ರಾಶಿಯಾಗುತ್ತಾ ಹೋಗುತ್ತವೆ. ವೇಗದ ಹಾಡು ಕಷ್ಟ ಎಂದುಕೊಂಡಿದ್ದೆ. ಉಸಿರು ಕಟ್ಟಿಸುವುದು ನಿಧಾನದ ಹಾಡು. ಇಯರ್‌ಫೋನ್ ಇಲ್ಲದೆ ಇದನ್ನು ಆಡಬೇಡಿ. ಪಿಎಸ್‌ಪಿಯ ಅತ್ಯುತ್ತಮ ಆಟ ಯಾವುದು ಎಂದರೆ ಇದೇ. ಎರಡನೆಯ ಮಾತಿಲ್ಲ.

ಇನ್ನು ಬ್ಯಾಟರಿಯ ಕತೆ. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಹೋದ ತಿಂಗಳು ಮೇಜಿನ ಖಾನೆ ತೆರೆದು ಪಿಎಸ್‌ಪಿ ಹೊರತೆಗೆದೆ. ಹಿಂಬದಿಯ ಮುಚ್ಚಳ ಒಂದು ಕಡೆ ಎದ್ದು ನಿಂತಿತ್ತು. ಬ್ಯಾಟರಿ ಉಬ್ಬಿತ್ತು, ಹೊಂಗೆಕಾಯಿಯ ಹಾಗೆ. ಒಂದು ವರ್ಷ ಮುಟ್ಟದೆ, ಬ್ಯಾಟರಿ ತೆಗೆಯದೆ ಇಟ್ಟದ್ದರ ಫಲ. ಒಳಗೆ ಅನಿಲ ತುಂಬಿ ಹೊದಿಕೆಯನ್ನು ದೂಡುತ್ತದೆ, ಅದು ಮುಚ್ಚಳವನ್ನು ದೂಡುತ್ತದೆ, ಇನ್ನೂ ಬಿಟ್ಟರೆ ಪಕ್ಕದ ಡಿಸ್ಕ್ ಬಾಗಿಲೂ ಸೊಟ್ಟಗಾಗುತ್ತದೆ. ನಿಮ್ಮದು ಹೀಗಾಗಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಮನೆಯ ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಸರಿ, ಹೊಸದು ಕೊಳ್ಳೋಣ ಎಂದು ಆನ್‌ಲೈನ್‌ನಲ್ಲಿ ಹುಡುಕಿದೆ. ಒಬ್ಬ ಮಾರಾಟಗಾರ 950 ರೂಪಾಯಿಗೆ ಕೊಡುತ್ತಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 3600 ಎಂಎಎಚ್ ಎಂದು ಬರೆದಿತ್ತು. ನನ್ನ ಮಾದರಿಯ ಜೊತೆ ಕಂಪನಿಯೇ ಕೊಟ್ಟಿದ್ದ ಬ್ಯಾಟರಿಯ ಸಾಮರ್ಥ್ಯ 1200. ಮೊದಲ ಮಾದರಿಯದು 1800, ಅದು ದಪ್ಪವಾಗಿದ್ದುದರಿಂದ ಯಂತ್ರವೂ ದಪ್ಪವಾಗಿತ್ತು. ಹಾಗಿದ್ದ ಮೇಲೆ ಅಷ್ಟೇ ತೆಳುವಾದ ಡಬ್ಬಿಯಲ್ಲಿ ಮೂರು ಪಟ್ಟು ಶಕ್ತಿ ಎಲ್ಲಿಂದ ಬಂತು? ಈ ಲೆಕ್ಕ ಒಂದನೆಯ ತರಗತಿಯ ಮಗುವಿಗೂ ಆಗುತ್ತದೆ. ಕೊಂಡೆ. ಮೂರು ದಿನ ಮನೆಯಲ್ಲಿ ಪರೀಕ್ಷಿಸಿದೆ. ಚಾರ್ಜ್ ಶೇಕಡಾ 60 ಎಂದು ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೂ 60. ಆಮೇಲೆ ಹಸಿರು ದೀಪ ಮಿಣಮಿಣ ಎನ್ನುತ್ತದೆ, ಯಂತ್ರ ಆರಿಹೋಗುತ್ತದೆ. ನಡುವೆ 40 ಇಲ್ಲ, 20 ಇಲ್ಲ. ಮೆಟ್ಟಿಲಿಲ್ಲದ ಬಾವಿ.

ಮೊನ್ನೆ ಶನಿವಾರ ಲುಮಿನೆಸ್‌ನಲ್ಲಿ ನಾನು ಎಂದೂ ಮುಟ್ಟದ ಎತ್ತರ ಮುಟ್ಟಿದ್ದೆ. ಐವತ್ತು ನಿಮಿಷ ಕಣ್ಣು ಮಿಟುಕಿಸದೆ ಆಡಿದ್ದೆ. ಆ ಆಟದ ಅಂಕ 9,99,999ಕ್ಕೆ ನಿಲ್ಲುತ್ತದೆ. ಅಲ್ಲಿಗೆ ಇನ್ನೂ ಬಹಳ ದೂರವಿತ್ತು, ನಿಜ. ಆದರೆ ಹೊಸ ಹಾಡೊಂದು ಆಗತಾನೇ ಶುರುವಾಗಿತ್ತು, ಹಿನ್ನೆಲೆಯ ಬಣ್ಣ ಬದಲಾಗಿತ್ತು, ಇದುವರೆಗೆ ನಾನು ನೋಡಿಯೇ ಇರದ ಬಣ್ಣ. ಶೇಕಡಾ 60 ಇತ್ತು. ಆರಿಹೋಯಿತು. ಕಪ್ಪು ಪರದೆಯನ್ನು ಎಷ್ಟು ಹೊತ್ತು ನೋಡುತ್ತಾ ಕುಳಿತೆನೋ. ಮಾರಾಟಗಾರನಿಗೆ ಬರೆದರೆ, "ಮೂರು ಬಾರಿ ಪೂರ್ತಿ ಇಳಿಸಿ ಏರಿಸಿ, ಸರಿಹೋಗುತ್ತದೆ" ಎಂದು ಉತ್ತರ. ಏಳು ಬಾರಿ ಮಾಡಿದೆ. ಸರಿಹೋಗಲಿಲ್ಲ. 950 ರೂಪಾಯಿಗಿಂತ ಆ ಬಣ್ಣ ಹೋದದ್ದೇ ನನಗೆ ನೋವು.

ಆದ್ದರಿಂದ ನನ್ನ ಸೀಟಿನ ಪಕ್ಕದಿಂದ ಹಾದಿರುವ ಈ ತಂತಿ. ಚಾರ್ಜರಿಗೆ ಸಿಕ್ಕಿಸಿದರೆ ಬ್ಯಾಟರಿ ಎಂಥದೇ ಆಗಿರಲಿ, ಆಟ ನಡೆಯುತ್ತದೆ. ಬ್ಯಾಟರಿಯೇ ಇಲ್ಲದಿದ್ದರೂ ನಡೆಯುತ್ತದೆ. ಕೊಳ್ಳುವಾಗ 1200 ಎಂದು ಪ್ರಾಮಾಣಿಕವಾಗಿ ಬರೆದದ್ದನ್ನೇ ಕೊಳ್ಳಿ. ತಿಂಗಳುಗಟ್ಟಲೆ ಆಡುವುದಿಲ್ಲವೆಂದರೆ ಬ್ಯಾಟರಿ ತೆಗೆದು ಬೇರೆ ಇಡಿ.

ಅಯ್ಯೋ, ಮೊದಲ ಸುರಂಗ ಬಂದೇಬಿಟ್ಟಿತು.

ನೋಡಿದಿರಾ! ಇದಕ್ಕಾಗಿಯೇ ಕಾಯುತ್ತಿದ್ದೆ. ಲೊಕೊರೊಕೊ, 2006. ಆ ಹಳದಿ ನೋಡಿ, ಆ ನೀಲಿ ನೋಡಿ. ಈ ಆಟದಲ್ಲಿ ನೀವು ಆ ಹಳದಿ ಉಂಡೆಯನ್ನು ನಡೆಸುವುದಿಲ್ಲ, ನೆಲವನ್ನೇ ಓರೆ ಮಾಡುತ್ತೀರಿ. ಎಡಭುಜದ ಗುಂಡಿ ಒತ್ತಿದರೆ ಲೋಕ ಎಡಕ್ಕೆ ವಾಲುತ್ತದೆ, ಬಲದ್ದು ಒತ್ತಿದರೆ ಬಲಕ್ಕೆ. ಎರಡನ್ನೂ ಒತ್ತಿ ಬಿಟ್ಟರೆ ಉಂಡೆ ಜಿಗಿಯುತ್ತದೆ. ಇಕ್ಕಟ್ಟಾದ ಸಂದು ಬಂದರೆ ಒಂದೇ ಉಂಡೆ ಹತ್ತಾರು ಮರಿಗಳಾಗಿ ಒಡೆದು ಹರಿದುಹೋಗುತ್ತದೆ, ಆಚೆ ಮತ್ತೆ ಸೇರಿಕೊಂಡು ಹಾಡುತ್ತದೆ. ಆ ಹಾಡಿನ ಭಾಷೆ ಯಾವ ದೇಶದ್ದೂ ಅಲ್ಲ, ಈ ಆಟಕ್ಕೆಂದೇ ಕಟ್ಟಿದ್ದು.

ಎದುರಿನ ಸೀಟಿನ ಹುಡುಗನ ಧ್ವನಿ ಈಗ ಕೇಳಿಸಿರಬೇಕು. "ಅಣ್ಣಾ, ನಾನೊಂದು ಸಲ ಒತ್ತಲೇ?" ಅವನ ಅಮ್ಮ ಬೇಡ ಎಂದರು. ನಾನೇ ಕೊಟ್ಟೆ. ಹೇಗೆ ಆಡುವುದು ಎಂದು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನು ಆಡುತ್ತಿದ್ದ. ರೈಲು ತಿರುವಿನಲ್ಲಿ ವಾಲಿದಾಗ ಹುಡುಗನೂ ವಾಲಿದ, ಉಂಡೆಯೂ ವಾಲಿತು.

ನಾನು ಹೇಳಬೇಕೆಂದಿರುವುದೇ ಇದು. ಟಿವಿಯ ಮುಂದೆ ಆಡಬೇಕಾದ ಆಟವನ್ನು ಕಿರಿದುಗೊಳಿಸಿ ಅಂಗೈಗೆ ತುರುಕಿದ್ದು ಬೇರೆ, ಅಂಗೈಗೆಂದೇ ಹುಟ್ಟಿದ ಆಟ ಬೇರೆ. ಈ ಹಳೆಯ ಯಂತ್ರ ಕೊಂಡವರು ಎರಡನೆಯದನ್ನು ಹುಡುಕಬೇಕು. ಮೊದಲನೆಯದಕ್ಕೆ ಇವತ್ತು ಇದಕ್ಕಿಂತ ಒಳ್ಳೆಯ ಯಂತ್ರಗಳಿವೆ.

ಗಾಡ್ ಆಫ್ ವಾರ್‌ನ ಚೈನ್ಸ್ ಆಫ್ ಒಲಿಂಪಸ್ ಡಿಸ್ಕನ್ನು ಅದಕ್ಕೇ ಮನೆಯಲ್ಲಿ ಬಿಟ್ಟೆ. ಮಾಡಿದವರ ಕೈಚಳಕಕ್ಕೆ ನನ್ನ ನಮಸ್ಕಾರವಿದೆ. ಮೊದಲಿಗೆ 222 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದ್ದ ಈ ಯಂತ್ರದ ವೇಗವನ್ನು 333ಕ್ಕೆ ಬಿಚ್ಚಿದ ಮೇಲೆ, 2008ರಲ್ಲಿ ಬಂದ ಆಟ ಅದು. ಚೆಂದವಿದೆ, ಆದರೆ ದೊಡ್ಡ ಪರದೆಯನ್ನು ಬೇಡುತ್ತದೆ. ಗ್ರ್ಯಾನ್ ಟುರಿಸ್ಮೊ, 2009. ಎಂಟುನೂರಕ್ಕೂ ಹೆಚ್ಚು ಕಾರುಗಳು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಗೆದ್ದು ಮೇಲೇರುವ ದಾರಿಯೇ ಇಲ್ಲ. ಕಾರು ಕೊಂಡು ಕೊಂಡು ಏನು ಮಾಡುವುದು? ನನಗೆ ಬೇಡ. ವೈಸ್ ಸಿಟಿ ಸ್ಟೋರೀಸ್‌ನ ಕತೆ ನನಗೆ ಇಷ್ಟ. ಆದರೆ ಎಡ ಹೆಬ್ಬೆರಳಿಗೆ ಒಂದೇ ಒಂದು ಜಾರುಗುಬ್ಬಿ ಇರುವ ಯಂತ್ರದಲ್ಲಿ ಓಡುವುದು, ಗುರಿ ಹಿಡಿಯುವುದು, ಸುತ್ತ ನೋಡುವುದು, ಮೂರನ್ನೂ ಮಾಡಲು ಹೋದರೆ ಕೈ ನೋಯುತ್ತದೆ. ಮಕ್ಕಳ ಕೈಗಂತೂ ಕೊಡಬೇಡಿ, ಅದು ಅವರ ವಯಸ್ಸಿನ ಆಟವಲ್ಲ.

ಡಬ್ಬಿಯಲ್ಲಿರುವ ಇನ್ನೊಂದು ಡ್ಯಾಕ್ಸ್ಟರ್, 2006. ಒಲಿಂಪಸ್ ಮಾಡಿದ ರೆಡಿ ಅಟ್ ಡಾನ್ ತಂಡದ್ದೇ. ನೆಗೆಯುವುದು, ಓಡುವುದು, ಕೀಟ ಹೊಡೆಯುವುದು, ಅಷ್ಟೇ. ಚೆನ್ನಾಗಿದೆ. ಮುಂದಿನದು ಜಾನ್ ಡಾರ್ಕ್, ಲೆವೆಲ್-5 ಸಂಸ್ಥೆಯದು. ಫ್ರಾನ್ಸಿನ ವೀರಬಾಲೆ ಜೋನ್ ಆಫ್ ಆರ್ಕ್‌ಳ ಕತೆಗೆ ರಾಕ್ಷಸರನ್ನು ಬೆರೆಸಿ ಮಾಡಿದ ಚದುರಂಗದಂಥ ಯುದ್ಧ. ಸರದಿಯ ಮೇಲೆ ನಡೆಯುವ ಆಟವಾದ್ದರಿಂದ ನಡುವೆ ಚಹಾ ಬಂದರೂ ಕುಡಿಯಬಹುದು. ಇದು ಜಪಾನ್ ಮತ್ತು ಅಮೆರಿಕದಲ್ಲಿ ಬಂದದ್ದು. ಆದರೆ ಪಿಎಸ್‌ಪಿಯ ಆಟಗಳಿಗೆ ದೇಶದ ಬೀಗವಿಲ್ಲ, ಎಲ್ಲಿಯ ಡಿಸ್ಕ್ ಹಾಕಿದರೂ ಓಡುತ್ತದೆ. ಅದು ಸಿನಿಮಾ ಡಿಸ್ಕುಗಳಿಗೆ ಅನ್ವಯಿಸುವುದಿಲ್ಲ, ನೆನಪಿರಲಿ. ಡಿಸ್ಕ್ ಕೊಳ್ಳುವಾಗ ಅದರ ಪಾರದರ್ಶಕ ಮುಚ್ಚಳ ಅಂಟಿಕೊಂಡಿದೆಯೇ ಎಂದು ಉಗುರಿನಿಂದ ತಟ್ಟಿ ನೋಡಿ. ಅಂಟು ಬಿಟ್ಟರೆ ಒಳಗಿನ ತಟ್ಟೆ ಹೊರಗೆ ಬರುತ್ತದೆ. ಅಂಟಿಸಬಹುದು, ಆದರೆ ಅಂಟು ತಟ್ಟೆಗೆ ತಾಗಿತೋ, ಮುಗಿಯಿತು.

ಹೊರಗೆ ನೋಡಿ, ಎಡಕುಮೇರಿ. ಎಷ್ಟು ಬಾರಿ ಹಾದರೂ ಈ ಹಸಿರು ಹಳತಾಗುವುದಿಲ್ಲ. ಕೆಳಗೆ ಆ ಹೊಳೆ… ಬಂತು, ಮತ್ತೆ ಸುರಂಗ. ಬೇಗ ಡಿಸ್ಕ್ ಬದಲಿಸುತ್ತೇನೆ.

ಪಟಪಾನ್. ಕಪ್ಪು ನೆರಳುಗಳಂಥ, ಒಂಟಿಕಣ್ಣಿನ ಪುಟ್ಟ ಸೈನ್ಯ. ಈ ರೂಪ ಕೊಟ್ಟವರು ರೊಲಿಟೊ ಎಂಬ ಫ್ರೆಂಚ್ ಕಲಾವಿದರು. ನೀವು ಅವರ ದೇವರು, ನಿಮ್ಮ ಮಾತೆಲ್ಲ ನಗಾರಿಯಲ್ಲಿ. ಚೌಕದ ಗುಂಡಿ ಪಟ, ವೃತ್ತದ್ದು ಪೊನ್, ತ್ರಿಕೋನದ್ದು ಚಕ. ಪಟ ಪಟ ಪಟ ಪೊನ್ ಎಂದರೆ ನಡೆಯಿರಿ. ಪೊನ್ ಪೊನ್ ಪಟ ಪೊನ್, ಹೊಡೆಯಿರಿ. ಚಕ ಚಕ ಪಟ ಪೊನ್, ಗುರಾಣಿ ಹಿಡಿಯಿರಿ. ನಾಲ್ಕು ಪೆಟ್ಟು ನೀವು ಹಾಕಿದರೆ ಮುಂದಿನ ನಾಲ್ಕಕ್ಕೆ ಅವರು ಹಾಡುತ್ತಾರೆ. ತಾಳ ತಪ್ಪಿದರೆ ಸೈನ್ಯ ನಿಂತುಬಿಡುತ್ತದೆ. ತಪ್ಪದೆ ಹೋದರೆ ಅವರಿಗೆ ಆವೇಶ ಬರುತ್ತದೆ. ಚೆಂಡೆ ಏರಿದ ಮೇಲೆ ವೇಷಧಾರಿಗೆ ಬರುತ್ತದಲ್ಲ, ಅದೇ ಬಗೆಯ ಆವೇಶ. ಹೆದರಿ ಗುಂಡಿಯನ್ನು ಬೇಗ ಒತ್ತಿದಿರೋ, ಸೋತಿರಿ. ಎದುರಿಗೆ ಎಷ್ಟೇ ದೊಡ್ಡ ಪ್ರಾಣಿ ಬರಲಿ, ಕೈಯ ಲಯ ಕೆಡಬಾರದು.

ಇಯರ್‌ಫೋನ್ ಕಿತ್ತು ಸದ್ದು ಜೋರು ಮಾಡಿದ್ದೇನೆ. ರೈಲಿನ ಗಾಲಿಯ ತಾಳ ಒಂದು, ನಗಾರಿಯ ತಾಳ ಇನ್ನೊಂದು, ಎರಡು ಬಾರಿ ತಪ್ಪಿದೆ. ಆಗ ಆ ಹುಡುಗ ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ತಟ್ಟಿ ನನಗೆ ತಾಳ ಹಿಡಿದುಕೊಟ್ಟ. ನಮ್ಮ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೂ ಚಿಟಿಕೆ ಹಾಕುತ್ತಿದ್ದುದು ಚಿತ್ರೀಕರಣದಲ್ಲಿದೆ, ಬಲಮೂಲೆಯಲ್ಲಿ ನೋಡಿ. ಲುಮಿನೆಸ್ ಅತ್ಯುತ್ತಮ ಎಂದಿದ್ದೆನಲ್ಲ, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಪಟಪಾನ್ ಮೊದಲು, ಲುಮಿನೆಸ್ ಆಮೇಲೆ. ಲುಮಿನೆಸ್ ನಾನೊಬ್ಬನೇ ಕೇಳುವ ಆಟ. ಇದು ಬೋಗಿಯ ಅರ್ಧಕ್ಕೆ ಕೇಳಿಸಿತು.

ಆರನೆಯ ಜಾಗಕ್ಕೆ ಬಹಳ ತಕರಾರಿತ್ತು. ದೇಸಿ ಅಡ್ಡಾ ಎಂಬ ಆಟ ನೆನಪಿದೆಯೇ? ಹೈದರಾಬಾದಿನ ಗೇಮ್‌ಶಾಸ್ತ್ರ ಮಾಡಿದ್ದು. ಕಬಡ್ಡಿ, ಚಿನ್ನಿದಾಂಡು ಎಲ್ಲ ಪಿಎಸ್‌ಪಿಯಲ್ಲಿ! ಚಿನ್ನಿದಾಂಡು ಪರದೆಗೆ ಬಂದದ್ದು ಕಂಡು ಆಗ ನನಗಾದ ಸಂತೋಷ ದೊಡ್ಡದು. ಆಟವಾಗಿ ಅದು ಸಾಧಾರಣ, ಎರಡು ದಿನಕ್ಕೆ ಸಾಕಾಗುತ್ತದೆ. ಸಿಕ್ಕರೆ ಸಂಗ್ರಹಕ್ಕೆ ಇಟ್ಟುಕೊಳ್ಳಿ.

ಕೊನೆಗೆ ಡಬ್ಬಿಗೆ ಬಂದದ್ದು ಮಾನ್‌ಸ್ಟರ್ ಹಂಟರ್ ಫ್ರೀಡಮ್ ಯುನೈಟ್. ಇದನ್ನು ಶಿಫಾರಸು ಮಾಡಲೇಬಾರದು ಎಂದುಕೊಂಡು ಮನೆಯಿಂದ ಹೊರಟಿದ್ದೆ. ಇದಕ್ಕಿಂತ ಬೆರಳು ನೋಯಿಸುವ ಆಟ ಇನ್ನೊಂದಿಲ್ಲ. ಎಡ ಹೆಬ್ಬೆರಳು ಓಡಲು, ಅದೇ ಕೈಯ ತೋರುಬೆರಳನ್ನು ಮಡಚಿ ಮೇಲಿನ ದಿಕ್ಕಿನ ಗುಂಡಿಗಳ ಮೇಲಿಟ್ಟು ಸುತ್ತ ನೋಡಲು. ಆಟಗಾರರು ಇದನ್ನು ಉಗುರುಹಿಡಿತ ಎನ್ನುತ್ತಾರೆ. ಒಂದೊಂದು ಬೇಟೆಗೆ ಐವತ್ತು ನಿಮಿಷದ ಗಡುವು. ಒಬ್ಬನೇ ಆಡಿದರೆ ಶಿಕ್ಷೆ. ಆದರೆ ಹತ್ತಿರ ಕುಳಿತ ನಾಲ್ಕು ಜನ ತಂತಿಯಿಲ್ಲದೆ, ಇಂಟರ್ನೆಟ್ ಇಲ್ಲದೆ ಒಟ್ಟಿಗೆ ಬೇಟೆಯಾಡಬಹುದು. ಚಿಕ್ಕಪ್ಪನ ಮಗ ಮತ್ತು ನಾನು ಒಂದು ಮಳೆಗಾಲವಿಡೀ, ಕರೆಂಟು ಹೋದ ರಾತ್ರಿಗಳಲ್ಲಿ, ಪುತ್ತೂರಿನ ಮನೆಯ ಜಗಲಿಯಲ್ಲಿ ಟೈಗ್ರೆಕ್ಸ್ ಎಂಬ ಮೃಗದ ಹಿಂದೆ ಬಿದ್ದಿದ್ದೆವು. ಅವನ ಪಿಎಸ್‌ಪಿ ಈಗಲೂ ಅವನ ಬಳಿ ಇದೆ. ನಿನ್ನೆ ಫೋನಿನಲ್ಲಿ ಕೇಳಿದೆ, ಬ್ಯಾಟರಿ ಉಬ್ಬಿಲ್ಲವಂತೆ. ಒಬ್ಬರೇ ಇದ್ದರೆ ಇದನ್ನು ಕೊಳ್ಳಬೇಡಿ. ಇಬ್ಬರಿದ್ದರೆ ಮೊದಲು ಇದನ್ನೇ ಕೊಳ್ಳಿ.

ಸುಬ್ರಹ್ಮಣ್ಯ ರಸ್ತೆ. ಹುಡುಗ ಇಳಿಯುತ್ತಿದ್ದಾನೆ. ಬಾಗಿಲ ಬಳಿ ನಿಂತು ಕಂಬಿಗೆ ತಟ್ಟುತ್ತಿರುವುದು ಕೇಳಿಸುತ್ತಿದೆಯೇ? ಪಟ ಪಟ ಪಟ ಪೊನ್. ಸರಿಯಾದ ತಾಳ.

ಮುಂದೆ ಬಿಸಿಲು, ಪರದೆ ಮತ್ತೆ ಕನ್ನಡಿಯಾಯಿತು. ಕಬಕ ಪುತ್ತೂರಿನಲ್ಲಿ ನಾನೂ ಇಳಿಯಬೇಕು, ತಂತಿ ಸುತ್ತಿಕೊಳ್ಳುತ್ತೇನೆ. ಚಿಕ್ಕಪ್ಪನ ಮಗ ನಿಲ್ದಾಣಕ್ಕೆ ಬೈಕ್ ತಂದಿದ್ದಾನಂತೆ, ಅವನ ಡಿಸ್ಕ್ ಯಂತ್ರದೊಳಗೇ ಇದೆಯಂತೆ.