ಡಬ್ಬಿ ಮೇಲೆ 3200, ಒಳಗೆ 2133

ಇದು ಬೆಂಗಳೂರಿನ ಎಸ್‌.ಪಿ. ರೋಡ್, ಕಂಪ್ಯೂಟರ್ ಸಾಮಾನಿನ ಪೇಟೆ. ಶನಿವಾರ, ಮಟಮಟ ಮಧ್ಯಾಹ್ನ. ಕ್ಯಾಮೆರಾ ಅಲುಗಾಡಿದ್ದಕ್ಕೆ ಬೈಯಬೇಡಿ, ಹಿಂದಿನಿಂದ ಕೈಗಾಡಿ ಬರುತ್ತಿತ್ತು.

ನಾನು ಬಂದಿದ್ದು ರ‍್ಯಾಮ್ ಕೊಳ್ಳಲು. ವಿಡಿಯೋ ಎಡಿಟ್ ಮಾಡುವಾಗ ನನ್ನ ಪಿಸಿ ಎರಡು ಹೆಜ್ಜೆ ನಡೆದು ಕೂತುಬಿಡುತ್ತಿತ್ತು. ಅಂಗಡಿಯವರು ಕೇಳಿದ್ದು ಒಂದೇ ಮಾತು: "ಡಿಡಿಆರ್4 ಬೇಕಾ, ಡಿಡಿಆರ್5 ಬೇಕಾ?" ಇವು ರ‍್ಯಾಮ್‌ನ ಎರಡು ತಲೆಮಾರು; ನಾನು ತಲೆ ಕೆರೆದುಕೊಂಡೆ. "ಮದರ್‌ಬೋರ್ಡ್ ಯಾವುದು ಅಂತ ನೋಡ್ಕೊಂಡು ಬನ್ನಿ" ಅಂದರು. ಪುಣ್ಯಾತ್ಮ, ಸುಮ್ನೆ ಯಾವುದೋ ಒಂದನ್ನು ಕಟ್ಟಿ ಕಳಿಸಬಹುದಿತ್ತು. ಬೆಲೆ ಕೇಳಿ ಎದೆ ಧಸಕ್ ಅಂದಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, 2025ರ ಕೊನೆಯಲ್ಲಿ ಬೆಲೆ ಜಿಗಿದಿದ್ದು ಅದಕ್ಕೇ.

ಈಗ ಮನೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದೆ. 16 ಜಿಬಿ, ನಾಲ್ಕು ಸ್ಲಾಟ್‌ನಲ್ಲಿ ಎರಡು ತುಂಬಿವೆ. ಸರಿ. ಸ್ಪೀಡ್ ನೋಡಿ: 2133. ರ‍್ಯಾಮ್ ಬಂದಿದ್ದ ಹಳೇ ಡಬ್ಬಿ ಇನ್ನೂ ಅಟ್ಟದ ಮೇಲಿದೆ, ಅದರ ಮೇಲೆ ದಪ್ಪಗೆ 3200 ಅಂತಿದೆ! ಎರಡು ವರ್ಷದಿಂದ ಹೀಗೇ ಓಡುತ್ತಿದೆ. ಯಾರೂ ಮೋಸ ಮಾಡಿಲ್ಲ. ಡಬ್ಬಿಯ ಮೇಲಿನ ವೇಗ ಬೇಕೆಂದರೆ ಬಯೋಸ್‌ಗೆ (ಪಿಸಿ ಆನ್ ಆದ ಕೂಡಲೇ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ಸ್) ಹೋಗಿ ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು. ಎಎಂಡಿ ಪ್ರೊಸೆಸರಿನ ಡಿಡಿಆರ್5 ಬೋರ್ಡ್‌ನಲ್ಲಾದರೆ ಅದರ ಹೆಸರು ಎಕ್ಸ್‌ಪೋ. ನಾನು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಕ್ಯಾಬಿನೆಟ್ ಬಿಚ್ಚಿದೆ. ಧೂಳಿನ ವಿಷಯ ಬಿಡಿ. ರ‍್ಯಾಮ್‌ನ ಎರಡೂ ಸ್ಟಿಕ್ ಬಸ್ಸಿನಲ್ಲಿ ಸೀಟು ಹಿಡಿದ ಗೆಳೆಯರ ಹಾಗೆ ಅಕ್ಕಪಕ್ಕ ಕೂತಿವೆ. ಕೂರಿಸಿದ್ದು ನಾನೇ. ಮೊದಲ ಎರಡು ಸ್ಲಾಟ್ ಒಂದು ಚಾನಲ್, ಕೊನೆಯ ಎರಡು ಇನ್ನೊಂದು. ಪ್ರೊಸೆಸರ್‌ಗೆ ಎರಡು ದಾರಿ ಇದ್ದೂ ನಾನು ಒಂದಕ್ಕೆ ಬೀಗ ಹಾಕಿದ್ದೆ. ಪ್ರೊಸೆಸರ್ ಕಡೆಯಿಂದ ಎಣಿಸಿ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿದೆ. ಟಕ್. ಟಕ್.

ಎಕ್ಸ್‌ಎಂಪಿಯನ್ನೂ ಆನ್ ಮಾಡಿದೆ. ಪೈಸೆ ಖರ್ಚಿಲ್ಲದೆ ಪಿಸಿ ಚುರುಕಾಯಿತು. ಆದರೆ ಎಡಿಟಿಂಗ್ ಶುರು ಮಾಡಿದರೆ 16ರಲ್ಲಿ 15 ಜಿಬಿ ಭರ್ತಿ. ಹಾಗಾಗಿ ಮತ್ತೆ ಎಸ್‌.ಪಿ. ರೋಡ್.

ಈ ಸಲ ಬೋರ್ಡ್ ಹೆಸರು ಬರೆದುಕೊಂಡು ಹೋಗಿದ್ದೆ: ಡಿಡಿಆರ್4. ಹತ್ತಿರದಿಂದ ನೋಡಿ, ಸ್ಟಿಕ್ಕಿನ ಹಲ್ಲುಗಳ ನಡುವೆ ಒಂದು ಕಚ್ಚು ಇದೆಯಲ್ಲ? ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಕಚ್ಚಿನ ಜಾಗ ಮಾತ್ರ ಬೇರೆ. ಒತ್ತಿ ತುರುಕಿದರೆ ಸ್ಲಾಟ್ ಮುರಿಯುತ್ತದೆ ಅಷ್ಟೇ. ಲ್ಯಾಪ್‌ಟಾಪ್ ಸ್ಟಿಕ್ ಇನ್ನೂ ಗಿಡ್ಡ, ಅದು ಬೇರೆಯೇ ಸೈಜ್.

ಅಂಗಡಿಯ ಹುಡುಗ 3600ರ ಕಿಟ್ ತೋರಿಸಿದ, ಸಿಎಲ್ 18. ಸಿಎಲ್ ಅಂದರೆ ಕೇಳಿದ ಡೇಟಾ ಬರುವ ಮುನ್ನ ರ‍್ಯಾಮ್ ಕಾಯಿಸುವ ಗಡಿಯಾರದ ಮಿಡಿತಗಳ ಎಣಿಕೆ. ನನ್ನ ಕಣ್ಣಿದ್ದದ್ದು 3200ರ ಸಿಎಲ್ 16 ಮೇಲೆ. ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ಕಾಯುವ ಹೊತ್ತು ಇದಕ್ಕೂ 10 ನ್ಯಾನೊಸೆಕೆಂಡ್, ಅದಕ್ಕೂ 10. ಸೆಕೆಂಡಿಗೆ ಹೊರುವ ಡೇಟಾದ ಹೊರೆ 3600ರಲ್ಲಿ ಸ್ವಲ್ಪ ಜಾಸ್ತಿ ನಿಜ, ಆದರೆ ಅದಕ್ಕೆ ಅಷ್ಟು ದುಡ್ಡು ನಾನಂತೂ ಕೊಡಲ್ಲ.

ತಂದಿದ್ದು 16 ಜಿಬಿಯ ಎರಡು ಸ್ಟಿಕ್. 32ರ ಒಂದೇ ಸ್ಟಿಕ್ ತಂದರೆ ಮತ್ತೆ ಒಂದೇ ದಾರಿ, ಅಲ್ವಾ? ಹಳೆಯದರ ಜೊತೆ ಬೆರೆಸಿದರೆ ನಾಲ್ಕೂ ಪೂರ್ತಿ ವೇಗದಲ್ಲಿ ಓಡುವ ಗ್ಯಾರಂಟಿ ಇಲ್ಲ.

ಹಳೆಯ ಜೋಡಿ ಅಕ್ಕನ ಪಿಸಿಗೆ. ಮೊದಲು ಬೋರ್ಡ್ ಫೋಟೊ ಕಳಿಸು ಅಂದಿದ್ದೆ. ಈಗಷ್ಟೇ ಬಂತು. ಮಾನಿಟರ್‌ನ ಹಿಂಭಾಗದ ಫೋಟೊ.