ಮುಂದಿನದು ಯಾವಾಗ?

ಎಲ್ಲರಿಗೂ ನಮಸ್ಕಾರ.

ಕಾದಂಬರಿ ಬಿಡುಗಡೆಯಾದ ದಿನ ಜನ ಬಂದು ಕೈ ಕುಲುಕುತ್ತಾರೆ. ಹಿಡಿದ ಕೈ ಬಿಡುವ ಮೊದಲೇ ಕೇಳುತ್ತಾರೆ, "ಮುಂದಿನದು ಯಾವಾಗ?" ಪ್ರೀತಿಯಿಂದಲೇ ಕೇಳುವುದು, ಅದರಲ್ಲಿ ಅನುಮಾನವಿಲ್ಲ. ಆದರೆ ಬರೆದವರ ಎದೆ ಧಸಕ್ ಅನ್ನುತ್ತದೆ. ಇದ್ದದ್ದನ್ನೆಲ್ಲ ಆ ಪುಸ್ತಕಕ್ಕೆ ಸುರಿದಾಗಿದೆ. ಒಳಗೆ ಏನೂ ಉಳಿದಿರುವುದಿಲ್ಲ.

ಒಂದು ಬರೆದವರಿಗೆ ಇನ್ನೊಂದು ಸುಲಭ ಅಲ್ವಾ ಅಂತ ಅನ್ನಿಸಬಹುದು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರನ್ನೇ ನೋಡಿ. 1937ರಲ್ಲಿ ಬಂದ ಅವರ ಪುಸ್ತಕ ಚೆನ್ನಾಗಿ ಓಡಿತ್ತು. 1938ರಲ್ಲಿ ಮುಂದಿನ ದೊಡ್ಡ ಕಾದಂಬರಿ ಬರೆಯುತ್ತಾ ದಿನಚರಿ ಇಟ್ಟಿದ್ದರು. ತಾನು ಬರಹಗಾರನೇ ಅಲ್ಲ, ತನಗೂ ಜನರಿಗೂ ಮೋಸ ಮಾಡಿಕೊಂಡು ಬಂದಿದ್ದೇನೆ ಅಂತ ಅದರಲ್ಲಿ ಬರೆದುಕೊಂಡಿದ್ದಾರೆ. ಆ ಕಾದಂಬರಿಗೆ 1940ರಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು.

ಎಲ್ಲರ ಕಥೆಯೂ ಹಾಗೆ ಮುಗಿಯುವುದಿಲ್ಲ. ಅಮೆರಿಕದ ಇನ್ನೊಬ್ಬ ಲೇಖಕ ರಾಲ್ಫ್ ಎಲಿಸನ್ ಅವರ ಮೊದಲ ಕಾದಂಬರಿ ಬಂದದ್ದು 1952ರಲ್ಲಿ. ಮರುವರ್ಷವೇ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಸಿಕ್ಕಿತು. 1994ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಎರಡನೆಯ ಕಾದಂಬರಿಯ ಕೆಲಸ ನಡೆದೇ ಇತ್ತು. ಸಾವಿರಾರು ಪುಟ ಉಳಿದವು, ಕಾದಂಬರಿ ಮುಗಿಯಲಿಲ್ಲ. ಇಂಥವರನ್ನು "ಬರೆಯುವುದನ್ನೇ ಬಿಟ್ಟರು" ಅಂದಾಗ ನನಗೆ ನೋವಾಗುತ್ತದೆ. ಬಿಟ್ಟಿದ್ದರೆ ಆ ಪುಟಗಳು ಎಲ್ಲಿಂದ ಬಂದವು?

ಅರುಂಧತಿ ರಾಯ್ ಅವರ ಎರಡು ಕಾದಂಬರಿಗಳ ನಡುವೆಯೂ 20 ವರ್ಷಗಳ ಅಂತರವಿದೆ, 1997 ಮತ್ತು 2017. ನಡುವೆ ಅವರು ಸುಮ್ನೆ ಕೂತಿರಲಿಲ್ಲ. ಲೇಖನಗಳನ್ನು ಬರೆಯುತ್ತಲೇ ಇದ್ದರು.

ಈ ಅಳುಕು ಎಲ್ಲಿಂದ ಬರುತ್ತದೆ? ವಿಮರ್ಶಕರಿಂದ, ಪ್ರಕಾಶಕರು ಕೊಟ್ಟ ಗಡುವಿನಿಂದ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅವೂ ಇವೆ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಅಚ್ಚಾದ ಹಳೇ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಇವತ್ತಿನ ಕರಡನ್ನು ಓದುತ್ತಿದ್ದೆ. ಒಂದು ವರ್ಷಗಟ್ಟಲೆ ತಿದ್ದಿದ್ದು, ಇನ್ನೊಂದು ಬೆಳಿಗ್ಗೆ ತಾನೇ ಗೀಚಿದ್ದು. ಯಾವುದು ಸೋಲುತ್ತದೆ ಅಂತ ಹೇಳಬೇಕಾ?

ಒಂದು ದಿನ ಮೊದಲ ಕಾದಂಬರಿಯ ನೋಟ್‌ಬುಕ್ ಹುಡುಕಿ ತೆಗೆದೆ. ಮೊದಲ ಅಧ್ಯಾಯವನ್ನು ಏಳು ಸಲ ಹೊಡೆದುಹಾಕಿದ್ದೆ. ನಾಯಕಿಯ ಹೆಸರು ಮೂರು ಸಲ ಬದಲಾಗಿತ್ತು. ಓದುಗರು ಇವತ್ತಿಗೂ ನೆನೆಯುವ ಆ ಅಜ್ಜಿ ಇದ್ದಾಳಲ್ಲ, ಅವಳು ಆ ಕರಡಿನಲ್ಲಿ ಇರಲೇ ಇಲ್ಲ. ಎರಡನೆಯ ವರ್ಷ ಬಂದು ಸೇರಿಕೊಂಡವಳು! ಇದನ್ನು ನಾನು ಪೂರ್ತಿ ಮರೆತಿದ್ದೆ.

ಅದಕ್ಕೇ ನಿಮ್ಮಲ್ಲಿ ಬರೆಯುವವರಿಗೆ ಕೇಳಿಕೊಳ್ಳುತ್ತೇನೆ. ಕರಡುಗಳನ್ನು ಹರಿದು ಎಸೆಯಬೇಡಿ, ಎಷ್ಟೇ ನಾಚಿಕೆಯಾದರೂ.

ಈಗ ನನ್ನ ಮೇಜಿನ ಮೇಲೆ 40 ಪುಟ ಇವೆ. ಚೆನ್ನಾಗಿಲ್ಲ. ಇನ್ನೂ ಯಾರ್‍ಯಾರು ಬರಬೇಕಿದೆಯೋ ನನಗೂ ಗೊತ್ತಿಲ್ಲ.